ಮಂದ್ರದ ಗುಲ್ಲಿನ್: ಪಿ.ಜೆ. ಬಡಾವಣೆಯ ಜಾಝ್ ಸರಣಿ ಹೇಗಿತ್ತು

ದಾವಣಗೆರೆಯ ಪಿ.ಜೆ. ಬಡಾವಣೆಯ ಹಳೆಯ ಮನೆಯೊಂದರ ಮಹಡಿಯಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರು ಭಾನುವಾರ ಸಂಜೆಗಳಲ್ಲಿ ತಮ್ಮ ಸಂಗ್ರಹದ ಎಲ್‌ಪಿ ತಟ್ಟೆಗಳನ್ನೂ ಸಿಡಿಗಳನ್ನೂ ಶುಲ್ಕ ಪಡೆದು ಕೇಳಿಸುತ್ತಾರೆ. ಒಂದು ಸಂಜೆಗೆ 150 ರೂಪಾಯಿ, ಇಡೀ ಸರಣಿಗೆ 500. ಮಧ್ಯಂತರದ ಕಾಫಿ ಅದರಲ್ಲೇ ಸೇರಿದೆ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಅವರ ಧ್ವನಿಮುದ್ರಿಕೆಗಳ ಸರಣಿಗಳಿಗೆ ಇಲ್ಲಿ ಕುರ್ಚಿ ಸಿಗುವುದೇ ಕಷ್ಟ. ಈ ಬಾರಿ ಅವರು ಆರಿಸಿಕೊಂಡದ್ದು ಲಾರ್ಸ್ ಗುಲ್ಲಿನ್ ಎಂಬ ಸ್ವೀಡನ್ನಿನ ಜಾಝ್ ಸ್ಯಾಕ್ಸೊಫೋನ್ ವಾದಕನ ವೃತ್ತಿಜೀವನವನ್ನು. ನಾಲ್ಕು ಭಾನುವಾರಗಳಿಗೆ ಹರಡಿದ ಈ ಸರಣಿಗೆ ಅರ್ಧದಷ್ಟು ಕುರ್ಚಿಗಳೂ ತುಂಬಿರಲಿಲ್ಲ. ಹೆಸರೇ ಕೇಳದ ವಾದಕನ ಹೆಸರೇ ಕೇಳದ ಸಂಗೀತಕ್ಕೆ ದುಡ್ಡು ಕೊಟ್ಟು ಹೋಗಬೇಕೇ ಎಂದು ಹಿಂಜರಿದವರು ಹಲವರಿದ್ದಾರೆ. ಸರಣಿಯನ್ನು ಬೇಡಿಕೆ ಬಂದರೆ ಮತ್ತೊಮ್ಮೆ ನಡೆಸುವುದಾಗಿ ಪ್ರಾಧ್ಯಾಪಕರು ಹೇಳಿರುವುದರಿಂದ, ಅಂಥವರಿಗಾಗಿ ಈ ಬರಹ.

ಮೊದಲು ಗುಲ್ಲಿನ್ ಯಾರೆಂಬುದು. 1928ರ ಮೇ 4ರಂದು ಬಾಲ್ಟಿಕ್ ಸಮುದ್ರದ ಗೋಟ್ಲಂಡ್ ದ್ವೀಪದಲ್ಲಿ ಹುಟ್ಟಿದ ಈತ ಬಾಲ್ಯದಲ್ಲಿ ನುಡಿಸಿದ್ದು ಅಕಾರ್ಡಿಯನ್. ಹದಿಹರೆಯದಲ್ಲಿ ಸೇನೆಯ ಬ್ಯಾಂಡ್ ಸೇರಿ ಕ್ಲಾರಿನೆಟ್ ಕಲಿತ. 1947ರಲ್ಲಿ ಸ್ಟಾಕ್‌ಹೋಮ್‌ಗೆ ಬಂದಾಗ ಅವನ ಮನಸ್ಸಿನಲ್ಲಿದ್ದದ್ದು ಪಿಯಾನೋ. ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೋ ಕಲಿಕೆಯನ್ನು ಆತ ಗಂಭೀರವಾಗಿಯೇ ನಡೆಸಿದ್ದ. 1949ರ ಸುಮಾರಿಗೆ ಸೇಮೂರ್ ಓಸ್ಟರ್‌ವಾಲ್ ಎಂಬವರ ನೃತ್ಯವೃಂದದಲ್ಲಿ ಮಂದ್ರ ಸ್ವರದ ದೊಡ್ಡ ಸ್ಯಾಕ್ಸೊಫೋನಾದ ಬ್ಯಾರಿಟೋನಿನ ಸ್ಥಾನ ಅವನ ಪಾಲಿಗೆ ಬಂತು, ಅದೇ ಅವನ ವಾದ್ಯವಾಗಿ ಉಳಿಯಿತು. ಇಷ್ಟನ್ನು ಯಾವ ಕೋಶ ತೆರೆದರೂ ಓದಬಹುದು. ಆದರೆ ಅಕಾರ್ಡಿಯನ್, ಕ್ಲಾರಿನೆಟ್, ಪಿಯಾನೋ ಈ ಮೂರನ್ನೂ ದಾಟಿ ಬಂದ ಕಿವಿಯೊಂದು ಬ್ಯಾರಿಟೋನನ್ನು ಹೇಗೆ ನುಡಿಸೀತು ಎಂಬ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಕೇಳಲು ಕೂರಿಸಿದ್ದು ಈ ಸರಣಿಯ ಮೊದಲ ಸಂಜೆಯ ಸಾಧನೆ. ಒಂದೇ ವಾದ್ಯದಲ್ಲಿ ಹುಟ್ಟಿ ಬೆಳೆದವನು ಆ ವಾದ್ಯದ ಬಲವನ್ನೇ ಹುಡುಕುತ್ತಾನೆ. ಗುಲ್ಲಿನ್ ಹುಡುಕಿದ್ದು ಬೇರೆ ಎಂಬುದು ಎರಡನೆಯ ಸಂಜೆಯ ಹೊತ್ತಿಗೆ ನನ್ನಂಥ ಸಾಮಾನ್ಯ ಕೇಳುಗನಿಗೂ ತಿಳಿಯಿತು.

ನಮ್ಮ ಕಡೆ ಸ್ಯಾಕ್ಸೊಫೋನ್ ಎಂದರೆ ನೆನಪಾಗುವುದು ಒಂದೋ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್, ಇಲ್ಲವೇ ಕದ್ರಿ ಗೋಪಾಲನಾಥ್. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ವಾದ್ಯಕ್ಕೆ ಮನಸೋತು, ಅದನ್ನು ಕರ್ನಾಟಕ ಸಂಗೀತದ ಗಮಕಗಳಿಗೆ ಒಗ್ಗಿಸಿದ ಅವರು ನುಡಿಸುತ್ತಿದ್ದದ್ದು ಆಲ್ಟೋ ಎಂಬ ಚಿಕ್ಕ ಬಗೆಯ ಸ್ಯಾಕ್ಸೊಫೋನ್. ಬ್ಯಾರಿಟೋನ್ ಅದರ ಅಣ್ಣ: ಬೆರಳಿಡುವ ಕ್ರಮ ಒಂದೇ, ಧ್ವನಿ ಮಾತ್ರ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ತೂಕ ಐದು ಕಿಲೋ ದಾಟುತ್ತದೆ. ಗುಲ್ಲಿನ್ ಕಾಲದ ಸಾಮಾನ್ಯ ಬ್ಯಾರಿಟೋನಿನ ಅತ್ಯಂತ ಕೆಳಗಿನ ಸ್ವರ ಸುಮಾರು 69 ಹರ್ಟ್ಸ್. ಗಿಟಾರಿನ ಅತಿ ಕೆಳಗಿನ ತಂತಿ ಮಿಡಿಯುವುದೇ 82 ಹರ್ಟ್ಸ್‌ನಲ್ಲಿ. ಇಂಥ ವಾದ್ಯವನ್ನು ದೊಡ್ಡ ವೃಂದಗಳು ಬಹುಕಾಲ ಬಳಸಿದ್ದು ಇತರ ಸ್ಯಾಕ್ಸೊಫೋನುಗಳ ಕೆಳಗೆ ಅಡಿಪಾಯ ಹಾಕುವುದಕ್ಕೆ. ಅಮೆರಿಕದ ಡ್ಯೂಕ್ ಎಲಿಂಗ್ಟನ್ ವೃಂದದ ಹ್ಯಾರಿ ಕಾರ್ನಿ ಅದಕ್ಕೊಂದು ಗಾಂಭೀರ್ಯ ತಂದುಕೊಟ್ಟರು. ಅಮೆರಿಕದವರೇ ಆದ ಬ್ಯಾರಿಟೋನ್ ವಾದಕ ಜೆರ್ರಿ ಮಲ್ಲಿಗನ್ ಅದನ್ನು ಹಗುರಗೊಳಿಸಿ ಮುಂದಕ್ಕೆ ತಂದರು. ಗುಲ್ಲಿನ್ ಮೇಲೆ ಮಲ್ಲಿಗನ್ ಪ್ರಭಾವ ಇದ್ದದ್ದು ನಿಜ. ಆದರೆ ಮಲ್ಲಿಗನ್ ವಾದನದಲ್ಲಿ ತಾಳದ ಚುರುಕು ಮುಂದಿದ್ದರೆ, ಗುಲ್ಲಿನ್‌ನಲ್ಲಿ ಸ್ವರದಿಂದ ಸ್ವರಕ್ಕೆ ಹೋಗುವ ದಾರಿಯೇ ಮುಖ್ಯ. ಕೈಯೆತ್ತದೆ ಎಳೆದ ರಂಗೋಲಿಯ ಗೆರೆಯಂತೆ ಒಂದು ಸಾಲು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ. ಸ್ವರವನ್ನು ಒತ್ತಿ ಆರಂಭಿಸುವ ಅಭ್ಯಾಸವೇ ಅವನಿಗಿಲ್ಲ. ಅಷ್ಟು ಲೋಹದೊಳಗೆ ಗಾಳಿ ತುಂಬಬೇಕಾದ ವಾದ್ಯದಲ್ಲಿ ಸ್ವರವನ್ನು ಮೆಲ್ಲಗೆ ಹುಟ್ಟಿಸುವುದು ಎಷ್ಟು ಕಷ್ಟವೆಂಬುದನ್ನು ಎರಡನೆಯ ಸಂಜೆ ಅಲ್ಲಿಗೆ ಬಂದಿದ್ದ, ಹಳೇ ದಾವಣಗೆರೆಯ ಬ್ಯಾಂಡ್ ಸೆಟ್ಟಿನ ಹಿರಿಯ ವಾದಕರೊಬ್ಬರು ತಮ್ಮ ಆಲ್ಟೋ ತೆಗೆದು ನುಡಿಸಿಯೇ ತೋರಿಸಿದರು. ಮೆರವಣಿಗೆಯಲ್ಲಿ ಬೀದಿಯ ಆ ತುದಿಗೆ ಕೇಳಬೇಕಾದ್ದರಿಂದ ಅವರ ಊದು ಸಹಜವಾಗಿಯೇ ಬಿರುಸು. "ಮೇಷ್ಟ್ರೇ, ಜೋರಾಗಿ ಊದೋದು ಯಾರಾದ್ರೂ ಕಲೀತಾರ್ರೀ. ಈತ ಉಸಿರು ಹಿಡ್ಕಂಡು ಬಿಡ್ತಾನೆ ನೋಡ್ರಿ, ಅದು ಬರಂಗಿಲ್ಲ" ಎಂದು ಅವರು ಹೇಳಿದ್ದು, ಪ್ರಾಧ್ಯಾಪಕರ ಅರ್ಧ ಗಂಟೆಯ ವಿವರಣೆಗಿಂತ ಹೆಚ್ಚು ತಿಳಿಸಿತು. ಇಂಥ ಅತಿಥಿಗಳನ್ನು ಪ್ರತಿ ಸಂಜೆಯೂ ಕರೆಯಬೇಕಿತ್ತು.

ಕೇಳಿಸುವ ಕ್ರಮದಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಮುಖ್ಯವಾದ ರಚನೆಯನ್ನು ಮೊದಲು ಏನೂ ಹೇಳದೆ ನುಡಿಸುತ್ತಾರೆ, ಆಮೇಲೆ ಮಾತು, ಆಮೇಲೆ ಮತ್ತೆ ಅದೇ ರಚನೆ. ಮೊಬೈಲಿನಲ್ಲಿ ಹಾಡು ಕೇಳಿ ಅಭ್ಯಾಸವಾದವರಿಗೆ ಒಂದೇ ರಚನೆಯನ್ನು ಎರಡು ಬಾರಿ ಕೂತು ಕೇಳುವುದೇ ಹೊಸತು. ಗುಲ್ಲಿನ್‌ನ ವಿಷಯದಲ್ಲಂತೂ ಈ ಪದ್ಧತಿ ಬೇಕೇ ಬೇಕು, ಏಕೆಂದರೆ ಮೊಬೈಲಿನ ಪುಟ್ಟ ಸ್ಪೀಕರು ಬ್ಯಾರಿಟೋನಿನ ಕೆಳಗಿನ ಸ್ವರಗಳನ್ನು ಹೊರಡಿಸಲಾರದು; ಅದರಲ್ಲಿ ಕೇಳಿದರೆ ಈತ ನುಡಿಸುತ್ತಿರುವುದು ಬ್ಯಾರಿಟೋನ್ ಎಂದೇ ಅನ್ನಿಸುವುದಿಲ್ಲ.

ಆದರೆ ಕೋಣೆಯ ವ್ಯವಸ್ಥೆಯಲ್ಲಿ ದೋಷವಿದೆ. ದೊಡ್ಡ ಸ್ಪೀಕರುಗಳೆರಡನ್ನೂ ಗೋಡೆಗಳು ಕೂಡುವ ಮೂಲೆಗೆ ತಳ್ಳಿ ಇಟ್ಟಿದ್ದಾರೆ. ಮೂಲೆಯಲ್ಲಿಟ್ಟ ಸ್ಪೀಕರಿನ ಕೆಳಸ್ವರಗಳು ಗೋಡೆಗೆ ಬಡಿದು ಇಮ್ಮಡಿಸುತ್ತವೆ. ಹಿಂದೂಸ್ತಾನಿ ಗಾಯನಕ್ಕೆ ಇದರಿಂದ ಅಷ್ಟೇನೂ ತೊಂದರೆಯಾಗದು, ತಂಬೂರಿಯ ನಾದ ಕೊಂಚ ತುಂಬಿಕೊಂಡೇ ಬರುತ್ತದೆ. ಬ್ಯಾರಿಟೋನಿಗೆ ಮಾತ್ರ ಅದು ಅನ್ಯಾಯ. ಮಂದ್ರದ ದೊಡ್ಡ ತಂತಿವಾದ್ಯವಾದ ಡಬಲ್ ಬಾಸ್ ಮತ್ತು ಬ್ಯಾರಿಟೋನ್ ಒಂದರ ಮೇಲೊಂದು ಬಿದ್ದು ಗುಂಯ್‌ಗುಡುತ್ತವೆ, ಗುಲ್ಲಿನ್ ಅಷ್ಟು ಎಚ್ಚರದಿಂದ ಬಿಡಿಸಿಟ್ಟ ಸಾಲುಗಳು ಒಂದಾಗಿಬಿಡುತ್ತವೆ. ಮುಂದಿನ ಸಾಲಿನ ಎಡಗಡೆ, ಕಿಟಕಿಯ ಪಕ್ಕದ ಕುರ್ಚಿಗಳಲ್ಲಿ ಈ ತೊಂದರೆ ಕಡಿಮೆ. ಹೋಗುವವರು ಅಲ್ಲಿ ಕೂರಲು ಪ್ರಯತ್ನಿಸಬೇಕು. ಬೇಸಿಗೆಯಲ್ಲಿ ಫ್ಯಾನಿನ ಸದ್ದು ಇನ್ನೊಂದು ಸಮಸ್ಯೆ. ರಚನೆ ನಡೆಯುವಾಗ ಫ್ಯಾನ್ ನಿಲ್ಲಿಸುತ್ತಾರೆ, ನಮ್ಮೂರಿನ ಏಪ್ರಿಲ್ ಸೆಕೆಯಲ್ಲಿ ಆರು ನಿಮಿಷದ ರಚನೆಯೂ ಉದ್ದವೆನ್ನಿಸುತ್ತದೆ.

ಎರಡನೆಯ ಸಂಜೆ ಸರಣಿಯಲ್ಲೇ ಶ್ರೇಷ್ಠವಾದದ್ದು. ಎರಡನೆಯ ಮಹಾಯುದ್ಧದಲ್ಲಿ ತಟಸ್ಥವಾಗಿ ಉಳಿದ ಸ್ವೀಡನ್ನಿನಲ್ಲಿ ನೃತ್ಯಶಾಲೆಗಳು ಮುಚ್ಚಲಿಲ್ಲ, ವೃಂದಗಳು ಒಡೆಯಲಿಲ್ಲ. ಯುದ್ಧ ಮುಗಿದು ಅಮೆರಿಕದ ವಾದಕರು ಯುರೋಪಿಗೆ ಬರತೊಡಗಿದಾಗ ಅವರೊಡನೆ ಸರಿಸಮವಾಗಿ ಕೂತು ನುಡಿಸಬಲ್ಲ ಒಂದು ತಲೆಮಾರು ಸ್ಟಾಕ್‌ಹೋಮ್‌ನಲ್ಲಿ ಸಿದ್ಧವಾಗಿತ್ತು. ಆ ತಲೆಮಾರಿನ ನೆಲೆ ರೆಯೆರಿಂಗ್ಸ್‌ಗಾಟನ್ ರಸ್ತೆಯ ನಾಲೆನ್ ಎಂಬ ನೃತ್ಯಶಾಲೆ. ಅದನ್ನು ನಡೆಸುತ್ತಿದ್ದ ಟಾಪ್ಸಿ ಲಿಂಡ್‌ಬ್ಲೂಮ್ 1912ರ ಒಲಿಂಪಿಕ್ಸ್‌ನಲ್ಲಿ ಟ್ರಿಪಲ್ ಜಂಪ್‌ನ ಚಿನ್ನ ಗೆದ್ದವರು ಎಂಬುದು ಸಂಗೀತಕ್ಕೆ ಸಂಬಂಧವಿಲ್ಲದಿದ್ದರೂ ನೆನಪಿನಲ್ಲಿ ಉಳಿಯುವ ಸಂಗತಿ. 1951ರಿಂದ ಗುಲ್ಲಿನ್ ಆಲ್ಟೋ ವಾದಕ ಆರ್ನೆ ಡೊಮ್ನೆರುಸ್ ಅವರ ತಂಡದಲ್ಲಿದ್ದ, ಆ ತಂಡದ ಮನೆಯೇ ನಾಲೆನ್. ಅದೇ ವರ್ಷ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಸ್ಟ್ಯಾನ್ ಗೆಟ್ಝ್ ಸ್ಟಾಕ್‌ಹೋಮ್‌ಗೆ ಬಂದು, ಸ್ವೀಡನ್ನಿನ ವರ್ಮ್‌ಲಂಡ್ ಸೀಮೆಯ ಒಂದು ಜನಪದ ಧಾಟಿಯನ್ನು ಪಿಯಾನೋ ವಾದಕ ಬೆಂಗ್ಟ್ ಹಾಲ್‌ಬೆರಿ ಜೊತೆಗೆ ಧ್ವನಿಮುದ್ರಿಸಿದ. ಮುಂದೆ ಅದು ಅಮೆರಿಕದ ಜಾಝ್ ವಾದಕರೆಲ್ಲರೂ ನುಡಿಸುವ ರಚನೆಯಾಯಿತು. ಆಲ್ಟೋ ವಾದಕ ಲೀ ಕೊನಿಟ್ಝ್ ಬಂದದ್ದೂ ಅದೇ ವರ್ಷ. ಕೊನಿಟ್ಝ್‌ನ ನಿರಾಡಂಬರ, ಕಂಪನವಿಲ್ಲದ ನಾದ ಗುಲ್ಲಿನ್ ಮೇಲೆ ಮಲ್ಲಿಗನ್‌ಗಿಂತ ಆಳವಾದ ಗುರುತು ಬಿಟ್ಟಿತೆಂದು ನನ್ನ ಎಣಿಕೆ. ಕೊನಿಟ್ಝ್‌ಗೆ ಅರ್ಪಿಸಿದ ಒಂದು ರಚನೆಯನ್ನೇ ಗುಲ್ಲಿನ್ ಬರೆದ. ಪ್ರಾಧ್ಯಾಪಕರು ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ಕೇಳಿಸಿದಾಗ ಆಲ್ಟೋದ ಆಲೋಚನೆ ಬ್ಯಾರಿಟೋನಿನ ಸ್ಥಾಯಿಗೆ ಇಳಿದು ಬಂದಿರುವುದು ಸ್ಪಷ್ಟವಾಗಿ ಕಿವಿಗೆ ಬಿತ್ತು.

1953ರ ಸೆಪ್ಟೆಂಬರಿನ ಕಥೆಯನ್ನು ಅವರು ಸೊಗಸಾಗಿ ಹೇಳಿದರು. ಅಮೆರಿಕದ ಲಯನೆಲ್ ಹ್ಯಾಂಪ್ಟನ್ ವೃಂದದೊಡನೆ ಸ್ಟಾಕ್‌ಹೋಮ್‌ಗೆ ಬಂದಿದ್ದ ತರುಣರಿಗೆ ಹೊರಗೆ ಎಲ್ಲೂ ಧ್ವನಿಮುದ್ರಣ ಮಾಡಕೂಡದೆಂದು ಕಟ್ಟಪ್ಪಣೆಯಿತ್ತು. ಅದನ್ನು ಮೀರಿ ಟ್ರಂಪೆಟ್ ವಾದಕರಾದ ಕ್ಲಿಫರ್ಡ್ ಬ್ರೌನ್ ಮತ್ತು ಆರ್ಟ್ ಫಾರ್ಮರ್ ಕದ್ದು ಸ್ಟುಡಿಯೋಗೆ ಹೋದರು. ಅವರಿಗಾಗಿ ಸಂಗೀತ ಹೊಂದಿಸಿಕೊಟ್ಟವನು ಆಗ ಇಪ್ಪತ್ತರ ಹರೆಯದ ಕ್ವಿನ್ಸಿ ಜೋನ್ಸ್. ಜೊತೆಗೆ ಕೂತವರು ಡೊಮ್ನೆರುಸ್, ಹಾಲ್‌ಬೆರಿ, ಟ್ರಾಂಬೋನಿನ ಓಕೆ ಪೇರ್‌ಶೋನ್, ಬ್ಯಾರಿಟೋನಿನಲ್ಲಿ ಗುಲ್ಲಿನ್. ಆ ಧ್ವನಿಮುದ್ರಣದಲ್ಲಿ ಬ್ರೌನ್‌ನ ಕೆಚ್ಚು ಎಲ್ಲರನ್ನೂ ಹಿಂದೆ ಹಾಕುತ್ತದೆ, ನಿಜ. ಆದರೂ ಗುಲ್ಲಿನ್ ತನ್ನ ಸರದಿ ಬಂದಾಗ ಅವಸರಪಡುವುದಿಲ್ಲ. ಮರುವರ್ಷ, 1954ರಲ್ಲಿ, ಅಮೆರಿಕದ 'ಡೌನ್ ಬೀಟ್' ಪತ್ರಿಕೆಯ ವಿಮರ್ಶಕರು ಬ್ಯಾರಿಟೋನಿನ ಹೊಸ ಪ್ರತಿಭೆಯೆಂದು ಆರಿಸಿದ್ದು ಅವನನ್ನು. ಯುರೋಪಿನವನೊಬ್ಬನಿಗೆ ಅಂಥ ಮನ್ನಣೆ ಸಿಕ್ಕಿದ್ದು ಅದೇ ಮೊದಲು.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. ಸರಣಿ ಗುಲ್ಲಿನ್‌ನನ್ನು ಅಳೆಯುವುದು ಅವನು ಯಾವ ಅಮೆರಿಕನ್ನನ ಪಕ್ಕದಲ್ಲಿ ಕೂತಿದ್ದ ಎಂಬುದರಿಂದ. ಗೆಟ್ಝ್ ಬಂದ, ಕೊನಿಟ್ಝ್ ಬಂದ, ಬ್ರೌನ್ ಬಂದ, 1955ರಲ್ಲಿ ಟ್ರಂಪೆಟ್ ವಾದಕ ಚೆಟ್ ಬೇಕರ್ ಬಂದ. ಪಟ್ಟಿ ಹೀಗೆ ಬೆಳೆಯುತ್ತ ಹೋಗುತ್ತದೆ. ದೊಡ್ಡವರ ಪಕ್ಕದಲ್ಲಿ ನುಡಿಸಿದ್ದು ವಾದಕನಾಗಿ ಅವನ ಯೋಗ್ಯತೆಗೆ ಸಾಕ್ಷಿ, ಸರಿ. ಆದರೆ ಆತ ತನ್ನ ತಲೆಮಾರಿನ ಸ್ವೀಡಿಷ್ ಸಂಗೀತದಲ್ಲಿ ಉಳಿದದ್ದು ಬರೆದದ್ದರಿಂದ. 1955ರ 'ಡ್ಯಾನೀಸ್ ಡ್ರೀಮ್' ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದರಲ್ಲಿ ಪಿಯಾನೋ ಇಲ್ಲ. ರೋಲ್ಫ್ ಬೆರಿ ಅವರ ಗಿಟಾರ್, ಗೆಯೋರ್ಗ್ ರೀಡೆಲ್ ಅವರ ಬಾಸ್, ಡ್ರಮ್, ಮೇಲೆ ಬ್ಯಾರಿಟೋನ್, ಅಷ್ಟೇ. ಪಿಯಾನೋ ಕಲಿತವನೇ ಪಿಯಾನೋವನ್ನು ಕೈಬಿಟ್ಟದ್ದರಿಂದ ನಡುವಿನ ಸ್ಥಾಯಿ ಖಾಲಿಯಾಯಿತು, ಆ ಖಾಲಿ ಜಾಗದಲ್ಲಿ ಬ್ಯಾರಿಟೋನ್ ಮೇಲೇರಿದಾಗ ಹಾಡುಗಾರನ ದನಿಯಾಗುತ್ತದೆ, ಕೆಳಗಿಳಿದಾಗ ಬಾಸಿನ ಜೊತೆಗಾರನಾಗುತ್ತದೆ. ರಾಗದ ಎಳೆ ಸರಳ, ಒಮ್ಮೆ ಕೇಳಿದರೆ ಗುನುಗಬಹುದು. ಅದರ ಕೆಳಗೆ ಹಾಸಿದ ಸ್ವರಮೇಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಜೋಡಣೆ, ಮಾತ್ರ ಎಣಿಸಿದ ಕಡೆ ತಿರುಗದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಓದು ಮತ್ತು ಸ್ವೀಡಿಷ್ ಜನಪದದ ವಿಷಾದ, ಎರಡೂ ಜಾಝ್‌ನ ಲಯದ ಮೇಲೆ ಜಗಳವಿಲ್ಲದೆ ಕೂತಿವೆ. ಇದನ್ನು ಸರಣಿಯಲ್ಲಿ ನುಡಿಸಿದ್ದು ಒಂದೇ ಸಲ, ಅದೂ ಮೂರನೆಯ ಸಂಜೆಯ ಕೊನೆಗೆ, ಮನೆಗೆ ಹೊರಟವರು ಚಪ್ಪಲಿ ಹುಡುಕುವ ಹೊತ್ತಿನಲ್ಲಿ. ಎರಡು ಬಾರಿ ಕೇಳಿಸುವ ಪದ್ಧತಿ ಯಾವ ರಚನೆಗೆ ಎಲ್ಲಕ್ಕಿಂತ ಹೆಚ್ಚು ಬೇಕಿತ್ತೋ ಅದಕ್ಕೇ ತಪ್ಪಿಹೋಯಿತು.

ಮೂರನೆಯ ಸಂಜೆಯ ಉಳಿದ ಕಾಲವನ್ನೆಲ್ಲ ನುಂಗಿದ್ದು ಮಾದಕವಸ್ತುಗಳ ಕಥೆ. ಗುಲ್ಲಿನ್ ಐವತ್ತರ ದಶಕದಲ್ಲೇ ಆ ಚಟಕ್ಕೆ ಬಿದ್ದದ್ದು, ಅದು ಅವನ ಆರೋಗ್ಯವನ್ನೂ ವೃತ್ತಿಯನ್ನೂ ಮುಕ್ಕಿದ್ದು ಎಲ್ಲರೂ ಬಲ್ಲ ಸಂಗತಿ. ಚೆಟ್ ಬೇಕರ್‌ನ 1955ರ ಯುರೋಪ್ ಪ್ರವಾಸದಲ್ಲಿ ಅವನ ಪಿಯಾನೋ ವಾದಕ, ಇಪ್ಪತ್ತನಾಲ್ಕರ ಡಿಕ್ ಟ್ವಾರ್ಡ್‌ಜಿಕ್, ಪ್ಯಾರಿಸಿನಲ್ಲಿ ಮಾದಕವಸ್ತುವಿಗೆ ಬಲಿಯಾದದ್ದನ್ನು ಹೇಳದೆ ಆ ಕಾಲವನ್ನು ಹೇಳಲಾಗದು, ಒಪ್ಪುತ್ತೇನೆ. ಆದರೆ ಪ್ರಾಧ್ಯಾಪಕರು ಅದನ್ನೇ ಕೀಲಿಕೈ ಮಾಡಿಕೊಂಡು ಪ್ರತಿ ರಚನೆಯನ್ನೂ ಅದರಿಂದಲೇ ತೆರೆಯಲು ಹೋದರು. ನಿಧಾನಗತಿಯ ರಚನೆಯಾದರೆ ನೋವು, ಚುರುಕಿನದಾದರೆ ನೋವಿನಿಂದ ಓಟ. ಸ್ಟಾಕ್‌ಹೋಮ್‌ನ ಚಳಿಗಾಲದ ವರ್ಣನೆಯೂ ನಡುನಡುವೆ ಬಂತು. ಕುಡಿತಕ್ಕೆ ಬಿದ್ದ ನಮ್ಮ ರಂಗಭೂಮಿಯ ಕಲಾವಿದರ ಬಗ್ಗೆಯೂ ಇದೇ ಧಾಟಿಯಲ್ಲಿ ಮಾತಾಡುವ ರೂಢಿ ನಮ್ಮಲ್ಲಿದೆ. ಅವರು ಏನು ಮಾಡಿದರೆಂಬುದು ಹಿಂದೆ ಸರಿದು, ಹೇಗೆ ಹಾಳಾದರೆಂಬುದು ಮುಂದೆ ಬರುತ್ತದೆ. ಹಾಳು ಮಾಡಿದ್ದು ಚಟ. ಬರೆದದ್ದು ಚಟವಲ್ಲ, ಸೇನಾ ಬ್ಯಾಂಡಿನಲ್ಲಿ ಶಿಸ್ತಾಗಿ ಕಲಿತು, ಪಿಯಾನೋ ಮುಂದೆ ಕೂತು ಸ್ವರಮೇಳ ಅಳೆದು ತೂಗಿದ ಒಬ್ಬ ಕೆಲಸಗಾರ. ಸಭೆಯಲ್ಲಿದ್ದ ಒಬ್ಬ ತಾಯಿ ಇದನ್ನು ನೇರವಾಗಿಯೇ ಕೇಳಿದರು: "ಸರ್, ಇವ್ರು ಬರಿಯೋದು ಯಾವಾಗ ಬರೀತಿದ್ರು, ಹೇಗೆ ಬರೀತಿದ್ರು, ಅದನ್ನ ಹೇಳ್ರಲ್ಲ." ಉತ್ತರ ಮುಂದಿನ ವಾರಕ್ಕೆ ಹೋಯಿತು, ಮುಂದಿನ ವಾರ ಬರಲೇ ಇಲ್ಲ.

ನಾಲ್ಕನೆಯ ಸಂಜೆ ಅವಸರದ್ದು. 1960ರ ದಶಕವನ್ನು ಕಾಫಿಗೆ ಮುಂಚೆಯೇ ಮುಗಿಸಿದರು. 1964ರ 'ಪೋರ್ಟ್ರೇಟ್ ಆಫ್ ಮೈ ಪಾಲ್ಸ್' ಗುಲ್ಲಿನ್ ತಂತಿವಾದ್ಯಗಳನ್ನು ಸೇರಿಸಿ ಬರೆದ ಧ್ವನಿಮುದ್ರಿಕೆ, ಅವನ ರಚನಾಶಕ್ತಿಯನ್ನು ಒಟ್ಟಾಗಿ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅದರಿಂದ ಕೇಳಿಸಿದ್ದು ಒಂದೇ ತುಣುಕು. ಅದೇ ವರ್ಷ ಪಿಯಾನೋ ವಾದಕ ಯಾನ್ ಯೋಹಾನ್‌ಸೋನ್, 'ಡ್ಯಾನೀಸ್ ಡ್ರೀಮ್'ನಲ್ಲಿ ಬಾಸ್ ನುಡಿಸಿದ ಅದೇ ರೀಡೆಲ್ ಜೊತೆ ಸೇರಿ ಸ್ವೀಡಿಷ್ ಜನಪದ ಧಾಟಿಗಳ 'ಯಾಝ್ ಪೋ ಸ್ವೆನ್ಸ್ಕಾ' ಹೊರತಂದ. ಸ್ವೀಡನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಜಾಝ್ ಧ್ವನಿಮುದ್ರಿಕೆ ಅದು. ಇವೆರಡನ್ನೂ ಅಕ್ಕಪಕ್ಕ ಇಟ್ಟು ಕೇಳಿಸಿದ್ದರೆ ಒಂದು ಇಡೀ ಸಂಜೆ ತುಂಬುತ್ತಿತ್ತು. ಯೋಹಾನ್‌ಸೋನ್ ಜನಪದ ಧಾಟಿಯನ್ನು ಇದ್ದಂತೆಯೇ ಎತ್ತಿಕೊಂಡು ನುಡಿಸುತ್ತಾನೆ. ಗುಲ್ಲಿನ್ ಬರೆದದ್ದು ತನ್ನದೇ ಧಾಟಿ, ಆದರೂ ಅದಕ್ಕೆ ಆ ನೆಲದ ವಾಸನೆಯಿದೆ. ನಮ್ಮಲ್ಲಿ ಜನಪದ ಗೀತೆಗೆ ವಾದ್ಯ ಹೊಂದಿಸುವವರೂ ಸುಗಮ ಸಂಗೀತಕ್ಕೆ ಹೊಸ ರಾಗ ಕಟ್ಟುವವರೂ ಬೇಕಾದಷ್ಟು ಜನ ಇರುವುದರಿಂದ ಈ ವ್ಯತ್ಯಾಸ ದಾವಣಗೆರೆಯ ಕೇಳುಗರಿಗೆ ತಕ್ಷಣ ಹಿಡಿಯುತ್ತಿತ್ತು.

ಎಪ್ಪತ್ತರ ದಶಕದಲ್ಲಿ ದೊಡ್ಡ ವಾದ್ಯವೃಂದಕ್ಕಾಗಿ ಬರೆದ 'ಏರೋಸ್ ಆರೋಮಾಟಿಕ್ ಅಟಾಮಿಕಾ ಸ್ವೀಟ್' ಎಂಬ ವಿಚಿತ್ರ ಹೆಸರಿನ ಕೃತಿಯ ಒಂದು ಭಾಗವನ್ನು ಕೊನೆಗೆ ಕೇಳಿಸಿದರು. ಇಲ್ಲಿ ಮಾತ್ರ ಅವರ ಆಯ್ಕೆಯನ್ನು ಮೆಚ್ಚಬೇಕು. 1976ರ ಮೇ 17ರಂದು, 48ನೆಯ ವಯಸ್ಸಿನಲ್ಲಿ, ದಕ್ಷಿಣ ಸ್ವೀಡನ್ನಿನ ವಿಸ್ಸೆಫ್ಯಾರ್ಡಾದಲ್ಲಿ ತೀರಿಕೊಂಡ ಗುಲ್ಲಿನ್‌ನ ಕೊನೆಯ ವರ್ಷಗಳನ್ನು ಬರೀ ಕುಸಿತವೆಂದು ಬಣ್ಣಿಸುವವರಿಗೆ ಈ ಕೃತಿಯೇ ಉತ್ತರ. ಕುಸಿದವನು ಇಷ್ಟು ಜನ ವಾದಕರಿಗೆ ಇಷ್ಟು ನಿಖರವಾಗಿ ಬರೆಯಲಾರ. ಮಗ ಪೀಟರ್ ಗುಲ್ಲಿನ್ ಕೂಡ ಬ್ಯಾರಿಟೋನ್ ವಾದಕನಾಗಿದ್ದ, ಆತನೂ 2003ರಲ್ಲಿ ತೀರಿಕೊಂಡ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದರು.

ಇತರ ಸಂಗತಿಗಳು. ಧ್ವನಿಮುದ್ರಿಕೆಗಳ ಸ್ಥಿತಿ ಚೆನ್ನಾಗಿದೆ. ಹೆಚ್ಚಿನವು ಡ್ರಾಗನ್ ಎಂಬ ಸ್ವೀಡಿಷ್ ಸಂಸ್ಥೆ ಹಳೆಯ ಮುದ್ರಣಗಳನ್ನು ಕಾಲಾನುಕ್ರಮದಲ್ಲಿ ಒಟ್ಟುಮಾಡಿ ಹೊರತಂದ ಸಂಪುಟಗಳು. ಕೇಳಿದ ರಚನೆಗಳ ಹೆಸರು, ವರ್ಷ, ವಾದಕರ ವಿವರಗಳಿರುವ ಒಂದು ಹಾಳೆಯನ್ನಾದರೂ ಕೊಡಬೇಕಿತ್ತು. ಇಷ್ಟೊಂದು ಅಪರಿಚಿತ ಹೆಸರುಗಳು ಕಿವಿಗೆ ಬಿದ್ದು ಮನೆ ಮುಟ್ಟುವಷ್ಟರಲ್ಲಿ ಮರೆತುಹೋಗುತ್ತವೆ, ಆಮೇಲೆ ಮೊಬೈಲಿನಲ್ಲಿ ಹುಡುಕೋಣವೆಂದರೆ ಕಾಗುಣಿತವೇ ಗೊತ್ತಿರುವುದಿಲ್ಲ. ಕಾಫಿ ಚೆನ್ನಾಗಿರುತ್ತದೆ. ಮಹಡಿ ಮೆಟ್ಟಿಲು ಕಡಿದಾಗಿರುವುದರಿಂದ ಮಂಡಿನೋವಿನ ಹಿರಿಯರು ಯಾರನ್ನಾದರೂ ಜೊತೆಗೆ ಕರೆತರುವುದು ಒಳ್ಳೆಯದು. ಆರು ಗಂಟೆ ಎಂದರೆ ಆರೂಕಾಲಕ್ಕೆ ಶುರು, ಬಾಗಿಲು ಮಾತ್ರ ಸರಿಯಾಗಿ ಆರಕ್ಕೇ ಹಾಕುತ್ತಾರೆ.

ಸರಣಿ ಮರುಕಳಿಸಿದರೆ ಇಡೀ 500 ರೂಪಾಯಿ ಕೊಡುವುದು ನಷ್ಟವಲ್ಲ. ಒಂದೇ ಸಂಜೆ ಸಾಕೆನ್ನುವವರು ಎರಡನೆಯದಕ್ಕೆ ಹೋಗಲಿ. ಎರಡು ಸಂಜೆ ಬಿಡುವಿದ್ದವರು ನಾಲ್ಕನೆಯದನ್ನೂ ಸೇರಿಸಿಕೊಳ್ಳಬಹುದು, ಮೂರನೆಯದನ್ನು ಬಿಟ್ಟರೂ ನಡೆಯುತ್ತದೆ. 'ಡ್ಯಾನೀಸ್ ಡ್ರೀಮ್' ಮನೆಯಲ್ಲೇ, ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು, ಎರಡು ಸಲ ಕೇಳಿದರಾಯಿತು. ಪ್ರಾಧ್ಯಾಪಕರಲ್ಲಿ ನನ್ನ ಕೋರಿಕೆ ಎರಡೇ: ಸ್ಪೀಕರುಗಳನ್ನು ಗೋಡೆಯಿಂದ ಮೂರಡಿ ಮುಂದಕ್ಕೆ ತರುವುದು, 1964ಕ್ಕೆ ಪ್ರತ್ಯೇಕವಾಗಿ ಐದನೆಯ ಸಂಜೆಯೊಂದನ್ನು ಇಡುವುದು. ಅದಕ್ಕೆ ಶುಲ್ಕ ಹೆಚ್ಚಿಸಿದರೂ ತಕರಾರಿಲ್ಲ.